ಮನೆ ಮುಟ್ಟಿಸುವ ಕೆಲಸ

ನನ್ನ ದೊಡ್ಡಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತಿದ್ದೆ. ಯೂನಿವರ್ಸಿಟಿಯಲ್ಲಿದ್ದಾಳೆ ಎಂದರೆ ಪಾಠ ಹೇಳುತ್ತಾಳೆ ಅಂದುಕೊಳ್ಳುತ್ತಿದ್ದರು. ಸೆಕ್ಯುರಿಟಿಯಲ್ಲಿದ್ದಾಳೆ ಎಂದರೆ ಅವಳ ಕುಳ್ಳಗಿನ ದುಂಡು ಮೈ ನೆನೆಸಿಕೊಂಡು ನಗುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳುವುದಾದರೆ ಅವಳು ನಡೆಯುತ್ತಿದ್ದಳು. ಸಂಜೆ ದೀಪ ಹತ್ತುವ ಹೊತ್ತಿಗೆ ಲೈಬ್ರರಿಯ ಮೆಟ್ಟಿಲ ಬಳಿ ನಿಲ್ಲುವುದು, ಒಬ್ಬರೇ ಹೋಗಲು ಅಂಜುವ ವಿದ್ಯಾರ್ಥಿಗಳ ಜೊತೆ ಅವರ ಹಾಸ್ಟೆಲ್ಲಿಗೋ ಬಾಡಿಗೆ ಕೋಣೆಗೋ ನಡೆದುಹೋಗುವುದು, ಅವರು ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ವಾಪಸ್ ಬರುವುದು. ದೂರ ದೂರದ ದೇಶಗಳಿಂದ ಓದಲು ಬಂದ ಮಕ್ಕಳೇ ಹೆಚ್ಚು. ಅವರೆಲ್ಲ ಅವಳನ್ನು ಜೊತೆಯಮ್ಮ ಎಂದು ಕರೆಯುತ್ತಿದ್ದರು.

ಮೊದಲು ಅವಳು ಹಾಸ್ಟೆಲ್ಲಿನ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಚುತ್ತಿದ್ದಳು. ಒಂದು ಸಂಜೆ ಯಾರೋ ಒಬ್ಬ ಹುಡುಗಿಯ ಬ್ಯಾಗು ಕಿತ್ತುಕೊಂಡು, ಅವಳನ್ನು ತಳ್ಳಿ ಓಡಿಹೋದರು. ಯೂನಿವರ್ಸಿಟಿಯವರು ಎದ್ದು ಕೂತರು. ದಾರಿಯುದ್ದಕ್ಕೂ ದೀಪ ಹಾಕಿಸಿದರು, ಗೋಡೆಗೋಡೆಗೂ ಎಚ್ಚರಿಕೆಯ ಪೋಸ್ಟರ್ ಅಂಟಿಸಿದರು, ವಿದ್ಯಾರ್ಥಿನಿಯರ ಜೊತೆ ನಡೆಯಲು ಕಾವಲುಗಾರರನ್ನು ನೇಮಿಸಿದರು. ಆ ಕಾವಲುಗಾರರ ಜೊತೆ ಹೋಗುವುದಕ್ಕೆ ನಮಗೆ ಇನ್ನೊಬ್ಬ ಕಾವಲುಗಾರ ಬೇಕು ಎಂದು ಹುಡುಗಿಯರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆಗ ಹೆಂಗಸರನ್ನು ಹುಡುಕಿಕೊಂಡು ಲಾಂಡ್ರಿಗೆ ಬಂದರು. "ಮಡಚಿ ಮಡಚಿ ಸೊಂಟ ಬಿದ್ದುಹೋಗಿದೆ, ನಡೆಯೋದಾದ್ರೆ ನಡೀತೀನಿ" ಎಂದು ದೊಡ್ಡಮ್ಮ ಎದ್ದು ನಿಂತಳಂತೆ.

ಅವಳಿಗೆ ಹಳದಿ ಹೊಳಪಿನ ಒಂದು ಜಾಕೆಟ್ಟು ಕೊಟ್ಟರು. ಅದು ಮಂಡಿಗೆ ಬರುತ್ತಿತ್ತು. ಒಂದು ಟಾರ್ಚು, ಒಂದು ಸೀಟಿ, ಹೆಗಲಿಗೆ ಸಿಕ್ಕಿಸಿಕೊಳ್ಳುವ ವಾಕಿಟಾಕಿ. ಇಷ್ಟೆಲ್ಲ ಕೊಟ್ಟವರಿಗೆ ಅವಳು ನಾಯಿಗೆ ಹೆದರುತ್ತಾಳೆ ಎಂಬುದು ಗೊತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಮುದಿ ನಾಯಿ ಮಲಗಿರುತ್ತಿತ್ತು, ಅದಕ್ಕೆ ಎದ್ದು ನಿಲ್ಲಲೂ ಸೋಮಾರಿತನ. ಅಲ್ಲಿ ಬಂದಾಗ ದೊಡ್ಡಮ್ಮ ಮೆಲ್ಲಗೆ ವಿದ್ಯಾರ್ಥಿಯ ಇನ್ನೊಂದು ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಯಾರು ಯಾರಿಗೆ ಜೊತೆ ಎಂದು ಆ ತಿರುವಿನಲ್ಲಿ ಮಾತ್ರ ಕೇಳಬಾರದು.

ಕೆಲಸದ ನಿಯಮ ಕಟ್ಟುನಿಟ್ಟು. ರಸ್ತೆಯ ಕಡೆ ತಾನಿರಬೇಕು. ಟಾರ್ಚು ನೆಲಕ್ಕೆ ಹಿಡಿಯಬೇಕು. ವಿದ್ಯಾರ್ಥಿಗಳು ತಾವಾಗಿ ಮಾತಾಡಿದರೆ ಮಾತಾಡಬೇಕೇ ಹೊರತು ಅವರ ಸ್ವಂತ ವಿಷಯ ಕೆದಕಬಾರದು. ರಿಜಿಸ್ಟರ್ ಆದ ವಿಳಾಸಕ್ಕೆ ಮಾತ್ರ ಬಿಡಬೇಕು. ಹೀಗೆ ಬಾಯಿಗೆ ಬೀಗ ಹಾಕಿಕೊಂಡು ನಡೆಯುವುದು ನಮ್ಮ ದೊಡ್ಡಮ್ಮನಂಥವಳಿಗೆ ಶಿಕ್ಷೆಯೇ. ಅದನ್ನೆಲ್ಲ ಅವಳು ಮನೆಗೆ ಬಂದು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಶುರು ಮಾಡಿದರೆ ನೀರು ತಣ್ಣಗಾದರೂ ಮುಗಿಯುತ್ತಿರಲಿಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಬಡಿದಾಡಿ ಬಂದಿರುತ್ತಿದ್ದೆ, ಆದರೂ ಕೇಳುತ್ತಿದ್ದೆ. ಬೇರೆ ಗತಿಯೂ ಇರಲಿಲ್ಲ, ನಮ್ಮದು ಎರಡೇ ಕೋಣೆಯ ಮನೆ.

ಸುಳ್ಳೇಕೆ, ಕೇಳಲು ಚೆನ್ನಾಗಿರುತ್ತಿತ್ತು. ಚಳಿಗಾಲದ ಸಂಜೆ ಅಲ್ಲಿ ಮಂಜು ನೆಲಮಟ್ಟದಲ್ಲಿ ಹರಡಿಕೊಳ್ಳುತ್ತದಂತೆ. ದೀಪದ ಕಂಬಗಳ ಬುಡ ಕಾಣುವುದಿಲ್ಲ, ಬರೀ ಬೆಳಕು ಗಾಳಿಯಲ್ಲಿ ನಿಂತಿರುತ್ತದೆ. ಎಲೆ ಉದುರಿದ ಮರಗಳ ನಡುವೆ ಕಟ್ಟಡಗಳ ಕಿಟಕಿಗಳು ಒಂದೊಂದಾಗಿ ಹಳದಿಯಾಗುತ್ತವೆ. ಒಂದರಲ್ಲಿ ಯಾರೋ ಕಪ್ಪು ಹಲಗೆ ಒರೆಸುತ್ತಿರುತ್ತಾರೆ, ಇನ್ನೊಂದರಲ್ಲಿ ಒಬ್ಬ ಹುಡುಗ ತಲೆಗೆ ಕೈ ಕೊಟ್ಟು ಕೂತಿರುತ್ತಾನೆ. ಕೊಳದ ಹತ್ತಿರ ಬಂದರೆ ಅದೇ ಕಿಟಕಿಗಳು ನೀರಿನಲ್ಲೂ ಇರುತ್ತವೆ. "ಆ ಹೊತ್ತಲ್ಲಿ ಕಾಲು ನೆಲದ ಮೇಲಿದೆಯೋ ಇಲ್ವೋ ಅನ್ನೋದೇ ಗೊತ್ತಾಗಲ್ಲ ಕಣೇ. ಎಲ್ಲಾ ಸದ್ದೂ ದೂರದಿಂದ ಬಂದ ಹಾಗಿರುತ್ತೆ. ಯಾರ ಮಕ್ಕಳೋ ಏನೋ, ಪಕ್ಕದಲ್ಲಿ ನಡೀತಾ ಇರ್ತಾರೆ. ನಮ್ಮೋರೇ ಅನ್ನಿಸುತ್ತೆ" ಎನ್ನುತ್ತಿದ್ದಳು.

ಹೆಸರು ಕೇಳುವಂತಿಲ್ಲವಾದ್ದರಿಂದ ಎಲ್ಲರಿಗೂ ನಡಿಗೆಯ ಮೇಲೆ ಹೆಸರಿಟ್ಟಿದ್ದಳು. ಓಡುಗಾಲ ಎಂಬವನೊಬ್ಬ, ಅವನ ಹಿಂದೆ ಹೋಗಿ ದೊಡ್ಡಮ್ಮನಿಗೆ ಏದುಸಿರು. ಬೂಟು ಎಳೆಯುವವಳೊಬ್ಬಳು. ಹಿಂದೆ ಹಿಂದೆ ನೋಡುತ್ತ ನಡೆದು ಕಂಬಕ್ಕೆ ಹಣೆ ಬಡಿದುಕೊಂಡವನೊಬ್ಬ. ಮತ್ತೆ ಸುತ್ತುದಾರಿ.

ಸುತ್ತುದಾರಿಯ ವಿಷಯವೇ ಬೇರೆ. ಎಲ್ಲ ಮಕ್ಕಳೂ ಬೇಗ ಮನೆ ಸೇರಿದರೆ ಸಾಕು ಎಂದು ದೊಡ್ಡಮ್ಮನನ್ನು ಕರೆಯುತ್ತಿದ್ದರು. ಈ ಹುಡುಗಿಗೆ ಮಾತ್ರ ಮನೆ ಸೇರುವುದೇ ಬೇಡವಾಗಿತ್ತು. ಅದು ದೊಡ್ಡಮ್ಮನ ತಲೆಗೆ ಹೋಗಲು ಹೆಚ್ಚುಕಡಿಮೆ ಒಂದು ಚಳಿಗಾಲವೇ ಹಿಡಿಯಿತು.

ತೆಳ್ಳಗಿನ, ಕಣ್ಣಿನ ಕೆಳಗೆ ಕಪ್ಪಾದ ಹುಡುಗಿ. ನಮ್ಮ ಭಾಷೆಯನ್ನು ಬರುವ ಮೊದಲೇ ಪುಸ್ತಕದಿಂದ ಕಲಿತಿದ್ದಳು. ಬಾಯಿ ಬಿಟ್ಟರೆ ಪಠ್ಯಪುಸ್ತಕ. "ನಾವು ಕೊಳದ ಮಾರ್ಗವಾಗಿ ತೆರಳಬಹುದೇ?" ಎಂದು ಮೊದಲ ದಿನವೇ ಕೇಳಿದಳಂತೆ. "ತೆರಳೋಣಮ್ಮ, ತೆರಳದೆ ಏನು" ಎಂದು ದೊಡ್ಡಮ್ಮ ನಗು ತಡೆದುಕೊಂಡು ಹೊರಟಳು. ನೇರ ರಸ್ತೆಯಲ್ಲಿ ಹೋದರೆ ಅವಳಿರುವ ಮನೆ ಕೂಗಳತೆಯಲ್ಲಿತ್ತು. ಕೊಳ ಸುತ್ತಿ, ಆಟದ ಮೈದಾನ ಬಳಸಿ, ಹಳೆಯ ಗಡಿಯಾರದ ಕಟ್ಟಡದ ಹಿಂದಿನಿಂದ ಹೋದರೆ ಎಷ್ಟು ಹೊತ್ತು ಬೇಕಾದರೂ ಆಗುತ್ತಿತ್ತು. ಅವಳಿಗೆ ಆ ದಾರಿಯೇ ಬೇಕು. ದಿನ ಕಳೆದ ಹಾಗೆ ಕೊಳವನ್ನು ಎರಡು ಸಲ ಸುತ್ತುವುದೂ ಶುರುವಾಯಿತು. ಸುತ್ತುವಾಗ ಅವಳು ದೊಡ್ಡಮ್ಮನ ಜಾಕೆಟ್ಟಿನ ತೋಳು ಹಿಡಿದುಕೊಳ್ಳುತ್ತಿದ್ದಳು, ಹಿಡಿದುಕೊಂಡೇ ಕಣ್ಣು ಮುಚ್ಚುತ್ತಿದ್ದಳು. ಹೆಜ್ಜೆ ಮಾತ್ರ ತಪ್ಪುತ್ತಿರಲಿಲ್ಲ. ನಡೆಯುತ್ತಲೇ ನಿದ್ದೆ ಮಾಡುವವರನ್ನು ನಾನು ಕಂಡದ್ದಿಲ್ಲ, ಆದರೆ ದೊಡ್ಡಮ್ಮ ಆಣೆ ಮಾಡಿ ಹೇಳುತ್ತಿದ್ದಳು. ಕೊಳದ ದಡದ ಬೆಂಚಿನಲ್ಲಿ ಕೂತರಂತೂ ಮುಗಿಯಿತು, ಹೆಗಲ ಮೇಲೆ ತಲೆ ಬೀಳುತ್ತಿತ್ತು. ಮಂಜು ಅವರಿಬ್ಬರ ಸುತ್ತ ಬಂದು ನಿಲ್ಲುತ್ತಿತ್ತು, ನೀರಿನೊಳಗಿನ ಕಿಟಕಿಗಳು ಅಲುಗುತ್ತಿದ್ದವು. ದೊಡ್ಡಮ್ಮ ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

"ಓದಿ ಓದಿ ಸಾಯ್ತಿದೆ ಆ ಮಗು" ಎಂದು ಬಕೆಟ್ಟಿನಲ್ಲಿ ಕಾಲಾಡಿಸುತ್ತ ಹೇಳುತ್ತಿದ್ದಳು. "ಅಪ್ಪ ಒಬ್ನೇ ಅಂತೆ. ನೆಂಟರೆಲ್ಲ ಹೆಣ್ಣುಹುಡುಗೀನ ಅಷ್ಟು ದೂರ ಕಳಿಸ್ತೀಯಾ ಅಂತ ಮುಗಿಬಿದ್ರೂ ಜಗ್ಗದೆ ಕಳಿಸಿದಾನೆ. ಒಂದು ಚೂರು ಹೆಚ್ಚುಕಮ್ಮಿ ಆದ್ರೂ ವಾಪಸ್ ಕರೆಸ್ಕೊಳ್ತೀನಿ ಅಂದಿದಾನಂತೆ. ಅದಕ್ಕೇ ಈ ಪಾಟಿ ಓದೋದು."

"ಮತ್ತೆ ರಾತ್ರಿ ನಿದ್ದೆ ಮಾಡಲ್ವಂತಾ?" ಎಂದೆ.

"ನಾನು ಕೇಳೋ ಹಾಗಿಲ್ವಲ್ಲೇ. ಸದ್ಯ ಇರೋದಾದ್ರೂ ಒಳ್ಳೆ ಮನೇಲಿದಾಳೆ, ಅದೊಂದು ನೆಮ್ಮದಿ."

ಆ ಒಳ್ಳೆಯ ಮನೆ ದೊಡ್ಡ ಮೇಷ್ಟ್ರದು. ಯೂನಿವರ್ಸಿಟಿಯಲ್ಲಿ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದವರು, ನಡುವೆ ಕೆಲವು ವರ್ಷ ಆ ಹುಡುಗಿಯ ದೇಶದಲ್ಲೂ ಇದ್ದು ಬಂದವರು. ಹೊರಗಿನಿಂದ ಬಂದ ಹೆಣ್ಣುಮಕ್ಕಳಿಗೆ ಅವರ ಮಹಡಿಯ ಕೋಣೆಯನ್ನು ಯೂನಿವರ್ಸಿಟಿಯೇ ತೋರಿಸಿಕೊಡುತ್ತಿತ್ತು. ಹೆಂಡತಿ ಇದ್ದ ಕಾಲದಲ್ಲಿ ಶುರುವಾದ ಏರ್ಪಾಡು ಅದು. ಆಕೆ ತೀರಿಕೊಂಡ ಮೇಲೂ ಹಾಗೇ ಮುಂದುವರಿಯಿತು, ಯಾರಿಗೂ ಏನೂ ಅನ್ನಿಸಲಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತಿದ್ದವರೂ ಅವರೇ. ಕತ್ತಲಲ್ಲಿ ಒಬ್ಬರೇ ತಿರುಗಬೇಡಿ, ಗುರುತಿಲ್ಲದವರನ್ನು ನಂಬಬೇಡಿ, ಜೊತೆಯಮ್ಮನನ್ನು ಕರೆಯಿರಿ. ಹುಡುಗಿಯ ಅಪ್ಪನಿಗೆ ಅವರೇ ಫೋನ್ ಮಾಡಿ ಅವನ ಭಾಷೆಯಲ್ಲಿ ಮಾತಾಡುತ್ತಿದ್ದರು. ಆ ಅಪ್ಪನಿಗೆ ಈ ದೇಶದಲ್ಲಿ ಮಾತು ತಿಳಿಯುವ ಒಬ್ಬನೇ ಮನುಷ್ಯ ಅವರು. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆದು "ಬಂದ್ಯಾ ಮಗಳೇ" ಎನ್ನುತ್ತಿದ್ದರು, ಚಳಿಯಲ್ಲಿ ನಿಂತ ದೊಡ್ಡಮ್ಮನಿಗೆ ಒಂದು ಲೋಟ ಬಿಸಿ ಚಹಾ ಕೊಡುತ್ತಿದ್ದರು. "ದೇವರಂಥ ಮನುಷ್ಯ" ಎಂದು ದೊಡ್ಡಮ್ಮ ಹೇಳಿದಾಗ ನಾನೂ ತಲೆಯಾಡಿಸಿದ್ದೆ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ದೊಡ್ಡಮ್ಮನ ಲೆಕ್ಕದಲ್ಲಿ ಅಪಾಯ ಅನ್ನುವುದು ಬೀದಿಯಲ್ಲಿರುವ ವಸ್ತು. ಮರದ ಹಿಂದೆ ಇರುತ್ತದೆ, ದೀಪ ಕೆಟ್ಟ ಕಡೆ ಇರುತ್ತದೆ, ತಿರುವಿನಲ್ಲಿ ನಾಯಿಯ ರೂಪದಲ್ಲಿ ಮಲಗಿರುತ್ತದೆ. ಬಾಗಿಲು ಮುಚ್ಚಿತು ಅಂದರೆ ಅದು ಹೊರಗೇ ಉಳಿಯಿತು. ಬೀದಿ ಕಾಯುವವರಿಗೆಲ್ಲ ಅಂಟುವ ಭ್ರಮೆ ಇದು ಎಂದು ನನಗೆ ಈಗ ಅನ್ನಿಸುತ್ತದೆ. ಅವಳ ಸೂಪರ್‌ವೈಸರ್‌ಗೂ ಇತ್ತು, ಆ ಪೋಸ್ಟರ್ ಬರೆದವರಿಗೂ ಇತ್ತು. ಮನೆ ಮುಟ್ಟಿಸಿದ ಮೇಲೆ ಅವಳು ವಾಕಿಟಾಕಿಯಲ್ಲಿ "ಮುಟ್ಟಿಸಿದೆ" ಎಂದು ಹೇಳಬೇಕಿತ್ತು. ಆ ಕಡೆಯಿಂದ "ಸರಿ" ಎಂದು ಬಂದರೆ ಆ ಮಗುವಿನ ಚಿಂತೆ ಎಲ್ಲರಿಗೂ ಮುಗಿಯಿತು.

ಒಂದು ಸಂಜೆ ಚಳಿ ಬಹಳವಿತ್ತು. ಕೊಳದ ಅಂಚಿನಲ್ಲಿ ನೀರು ಗಾಜಿನ ಹಾಗೆ ಗಟ್ಟಿಯಾಗಿತ್ತು. ಬೆಂಚಿನ ಮೇಲೆ ಹುಡುಗಿ ಎಂದಿನಂತೆ ನಿದ್ದೆಹೋದಳು. ಹೆಗಲು ಜೋಮು ಹಿಡಿದರೂ ದೊಡ್ಡಮ್ಮ ಅಲುಗಲಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ದಡವೇ ಇರಲಿಲ್ಲ, ತಾವಿಬ್ಬರೇ ಒಂದು ಹಲಗೆಯ ಮೇಲೆ ಎಲ್ಲಿಗೋ ತೇಲಿಹೋಗುತ್ತಿದ್ದೇವೆ ಅನ್ನಿಸಿತಂತೆ ಅವಳಿಗೆ. ಹುಡುಗಿಯ ಶಾಲು ಜಾರಿತ್ತು. ಪಾಪ, ನೆಗಡಿಯಾದೀತು ಎಂದು ದೊಡ್ಡಮ್ಮ ಮೆಲ್ಲಗೆ ಅದನ್ನು ಎಳೆದು ಕುತ್ತಿಗೆಯವರೆಗೆ ಹೊದಿಸಿದಳು.

ಹುಡುಗಿ ಚಿಟ್ಟನೆ ಕಿರುಚಿಕೊಂಡು ಎದ್ದಳು. ಬೆಂಚಿನ ಮೂಲೆಗೆ ಮುದುರಿಕೊಂಡು, ಎರಡೂ ಕೈಯಲ್ಲಿ ಶಾಲು ಎದೆಗೆ ಒತ್ತಿಕೊಂಡು, "ನಾನು ಎಚ್ಚರವಾಗಿದ್ದೇನೆ! ನಾನು ಎಚ್ಚರವಾಗಿದ್ದೇನೆ!" ಎಂದಳು. ಕಣ್ಣು ಬಿಟ್ಟಿತ್ತು, ಆದರೆ ದೊಡ್ಡಮ್ಮ ಅದಕ್ಕೆ ಕಾಣುತ್ತಿರಲಿಲ್ಲ.

ದೊಡ್ಡಮ್ಮ ನಿಯಮವನ್ನೆಲ್ಲ ಗಾಳಿಗೆ ತೂರಿ ಮೊದಲ ಸಲ ಕೇಳಿದಳು. "ಯಾರಮ್ಮ ನಿಂಗೆ ಹೊದಿಕೆ ಹೊದಿಸೋಕೆ ಬರೋರು?"

ಹುಡುಗಿ ತನ್ನ ಅದೇ ಪುಸ್ತಕದ ಮಾತಿನಲ್ಲಿ, ಪಾಠ ಒಪ್ಪಿಸುವ ಹಾಗೆ ಹೇಳಿದಳು. "ನಾನು ಕಣ್ಣು ತೆರೆದಾಗ ಅವರು ಕುರ್ಚಿಯಲ್ಲಿ ಕುಳಿತಿರುತ್ತಾರೆ. ಹೊದಿಕೆ ಸರಿಪಡಿಸಲು ಬಂದೆ ಎನ್ನುತ್ತಾರೆ. ನನ್ನ ಕೋಣೆಗೆ ಒಳಗಿನ ಚಿಲಕವಿಲ್ಲ. ಬೆಂಕಿ ಬಿದ್ದರೆ ಅಪಾಯ ಎಂದು ಅವರು ಅದನ್ನು ತೆಗೆಸಿದ್ದಾರೆ. ಆದ್ದರಿಂದ ಆ ಮನೆಯಲ್ಲಿ ನಾನು ನಿದ್ರಿಸುವುದಿಲ್ಲ."

"ಮುಟ್ಟಿದಾರಾ?"

"ಹೊದಿಕೆಯನ್ನು" ಎಂದಳು. ಶಾಲು ತಲೆಯ ಮೇಲೆ ಎಳೆದುಕೊಂಡು, "ಈ ವಾರ, ಕೂದಲನ್ನು" ಎಂದಳು.

ದೊಡ್ಡಮ್ಮನಿಗೆ ಆ ಬಾಗಿಲಲ್ಲಿ ಇಷ್ಟು ದಿನ ಕುಡಿದ ಚಹಾ ಎಲ್ಲ ಬಾಯಿಗೆ ಬಂದ ಹಾಗಾಯಿತಂತೆ. ಯಾರಿಗೂ ಹೇಳಲಿಲ್ಲವೇ ಎಂದರೆ ಹುಡುಗಿ ಕೈ ಮುಗಿದಳು. ದಯವಿಟ್ಟು ಹೇಳಬೇಡಿ, ತಂದೆಗೆ ತಿಳಿದರೆ ನಾಳೆಯೇ ಟಿಕೆಟ್ ಕಳಿಸುತ್ತಾರೆ, ನೆಂಟರೆಲ್ಲ ನಾವು ಹೇಳಿರಲಿಲ್ಲವೇ ಎನ್ನುತ್ತಾರೆ, ನನ್ನ ಓದು ಅಲ್ಲಿಗೆ ಮುಗಿಯುತ್ತದೆ. ತಂದೆ ಅವರನ್ನು ಅಣ್ಣ ಎಂದು ಕರೆಯುತ್ತಾರೆ. ಹೊತ್ತಾಯಿತು, ತೆರಳೋಣ, ತಡವಾದರೆ ಅವರು ತಂದೆಗೆ ಫೋನ್ ಮಾಡುತ್ತಾರೆ.

ಇಬ್ಬರೂ ಎದ್ದು ನಡೆದರು. ಏನು ಮಾಡಬೇಕೆಂದು ದೊಡ್ಡಮ್ಮನಿಗೆ ತೋಚಿರಲಿಲ್ಲ, ಇದನ್ನು ಅವಳೇ ನನಗೆ ಹೇಳಿದ್ದು. ಹೇಳಿದರೆ ಹುಡುಗಿಯ ಓದು ಹೋಗುತ್ತದೆ, ಹೇಳದಿದ್ದರೆ ಹುಡುಗಿಯೇ ಹೋಗುತ್ತಾಳೆ. ತಲೆ ಯೋಚಿಸುತ್ತಿತ್ತು, ಕಾಲು ಮಾತ್ರ ಅಭ್ಯಾಸದಂತೆ ಆ ಮನೆಯ ಕಡೆಗೇ ಎಳೆದುಕೊಂಡು ಹೋಗುತ್ತಿತ್ತು. ವಾಕಿಟಾಕಿ ಗೊರಗುಟ್ಟಿತು, "ಜೊತೆಯಮ್ಮ, ಎಲ್ಲಿದೀರಾ? ಇನ್ನೂ ಮುಟ್ಟಿಸಿಲ್ವಾ?" ಅವಳು ಅದನ್ನು ಆಫ್ ಮಾಡಿದಳು. ಮುದಿ ನಾಯಿ ಮಲಗಿದ ತಿರುವು ಬಂತು, ಹೋಯಿತು, ಅವಳು ಪಕ್ಕ ಬದಲಿಸುವುದನ್ನೂ ಮರೆತಿದ್ದಳು.

ಗೇಟಿನ ಒಳಗೆ ಕಾಲಿಡುವಷ್ಟರಲ್ಲಿ ಬಾಗಿಲು ತೆರೆಯಿತು. ಬೆಚ್ಚಗಿನ ಹಳದಿ ಬೆಳಕು ಮೆಟ್ಟಿಲ ಮೇಲೆ ಬಿತ್ತು. ಒಳಗಿನಿಂದ ಚಹಾ ಕುದಿಯುವ ವಾಸನೆ. ಯಾರಿಗೇ ಆದರೂ ಒಳಗೆ ಹೋಗೋಣ ಅನ್ನಿಸುವಂಥ ಬಾಗಿಲು.

"ಬಂದ್ಯಾ ಮಗಳೇ? ಎಷ್ಟು ಹೊತ್ತು ಮಾಡಿದೆ! ನಿಮ್ಮಪ್ಪ ಆಗಲೇ ವಿಚಾರಿಸಿದ್ರು" ಎಂದರು ಮೇಷ್ಟ್ರು, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು.

ಹುಡುಗಿ ಮೆಟ್ಟಿಲಿಗೆ ಕಾಲಿಟ್ಟಳು. ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿಕೊಂಡಳು.

"ಕ್ಷಮಿಸಿ ಮೇಷ್ಟ್ರೇ. ಮನೆ ತಪ್ಪಾಯ್ತು."

ಮೇಷ್ಟ್ರು ನಕ್ಕರು. "ಏನಮ್ಮ ಜೊತೆಯಮ್ಮ, ಚಳಿಗೆ ತಲೆ ಓಡ್ತಿಲ್ವಾ? ದಿನಾ ಇಲ್ಲಿಗೇ ತಾನೇ ಬಿಡೋದು?"

"ಹೌದು. ದಿನಾ ತಪ್ಪು ಮನೆಗೇ ಬಿಡ್ತಿದ್ದೆ."

ನಗು ಮುಖದ ಮೇಲೆ ಹಾಗೇ ನಿಂತಿತು, ಕಣ್ಣು ಮಾತ್ರ ಬದಲಾಯಿತು ಎಂದು ಹುಡುಗಿ ಆಮೇಲೆ ನನಗೆ ಹೇಳಿದಳು. ಅವರು ದನಿ ತಗ್ಗಿಸಿ, "ಅವಳ ಅಪ್ಪನಿಗೆ ನಾನೇನು ಹೇಳಲಿ?" ಎಂದರು. ದೊಡ್ಡಮ್ಮ ತಿರುಗಿಯೂ ನೋಡದೆ, "ನೀವೇನೂ ಹೇಳ್ಬೇಡಿ. ಅವಳಿಗೇ ಬಾಯಿದೆ" ಎಂದು ಹುಡುಗಿಯನ್ನು ಕರೆದುಕೊಂಡು ಗೇಟು ದಾಟಿಬಿಟ್ಟಳು.

ಮುಂದೆ ಆದ ದೂರು, ವಿಚಾರಣೆ, ಸೂಪರ್‌ವೈಸರನ ಕೂಗಾಟ ಇದನ್ನೆಲ್ಲ ಬಿಡಿಸಿ ಹೇಳಲು ಹೋಗುವುದಿಲ್ಲ. ಹುಡುಗಿಯ ಸಾಮಾನು ಮಾರನೆಯ ದಿನ ನಮ್ಮ ಮನೆಗೆ ಬಂತು. ಆ ಮನೆಗೆ ಯೂನಿವರ್ಸಿಟಿ ಮತ್ತೆ ಯಾರನ್ನೂ ಕಳಿಸಲಿಲ್ಲ, ಮೇಷ್ಟ್ರ ಭಾಷಣವೂ ನಿಂತಿತು. ಇನ್ನೂ ಆಗಬೇಕಾದದ್ದು ಬೇಕಾದಷ್ಟಿತ್ತು, ಆಗಲಿಲ್ಲ, ಆ ಸಿಟ್ಟು ನನಗೆ ಹಾಗೇ ಇದೆ. ಆದರೆ ಆ ಹುಡುಗಿಯ ಹಣೆಬರಹ ತೀರ್ಮಾನವಾದದ್ದು ಕಚೇರಿಯಲ್ಲಲ್ಲ, ಅವತ್ತು ಸಂಜೆ ನಮ್ಮ ಎರಡು ಕೋಣೆಯ ಮನೆಯಲ್ಲಿ.

ನಾನು ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ದೊಡ್ಡಮ್ಮ ಜಾಕೆಟ್ಟು ಕೂಡ ಬಿಚ್ಚದೆ ಒಳಗೆ ಬಂದಳು, ಹಿಂದೆ ಈ ಹುಡುಗಿ. "ಇವಳೇ ಸುತ್ತುದಾರಿ" ಎಂದಳು, ಅಷ್ಟೇ. ಹುಡುಗಿ ನನಗೆ ನಮಸ್ಕರಿಸಿ "ತಮಗೆ ತೊಂದರೆಯಾಯಿತು" ಎಂದಳು. ಕೂತುಕೊಳ್ಳಲೂ ಇಲ್ಲ, ಅವಳ ಕೋಟಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೊರತೆಗೆದು ನೋಡಿ "ತಂದೆ" ಎಂದಳು. ಮೇಷ್ಟ್ರು ಆಗಲೇ ಅಪ್ಪನಿಗೆ ಸುದ್ದಿ ಮುಟ್ಟಿಸಿದ್ದರು.

"ಎತ್ತು" ಎಂದಳು ದೊಡ್ಡಮ್ಮ.

"ಹಿಂದಿರುಗಿ ಬಾ ಎನ್ನುತ್ತಾರೆ."

"ಅಂದ್ರೆ ಅನ್ಲಿ. ಆ ಮನುಷ್ಯ ಹೇಳಿದ್ದನ್ನ ಕೇಳಿಸ್ಕೊಂಡು ಅನ್ನೋದಕ್ಕಿಂತ ನೀನು ಹೇಳಿದ್ದನ್ನ ಕೇಳಿಸ್ಕೊಂಡು ಅನ್ಲಿ. ಎತ್ತಮ್ಮ."

ಅವಳು ನಮ್ಮ ಮಂಚದ ಅಂಚಿನಲ್ಲಿ ಕೂತು ಮಾತಾಡಿದಳು. ತನ್ನ ಭಾಷೆಯಲ್ಲಿ ಅವಳು ಬೇರೆಯೇ ಹುಡುಗಿ. ಪುಸ್ತಕದ ಮಾತಿಲ್ಲ, ಒಂದರ ಮೇಲೊಂದು ಬೀಳುವ ಮಾತು, ಅಳು, ಮಧ್ಯೆ ಒಂದು ಸಲ ಜೋರು ದನಿ. ನಮಗೆ ಒಂದಕ್ಷರ ತಿಳಿಯಲಿಲ್ಲ. ನಾನು ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚುತ್ತಿದ್ದೆ. ದೊಡ್ಡಮ್ಮ ಗೋಡೆಗೆ ಒರಗಿ ನಿಂತಿದ್ದಳು, ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ. ಹುಡುಗಿಯ ಮಾತು ಮುಗಿಯಿತು. ಆ ಕಡೆಯಿಂದ ಗಂಡಸಿನ ದನಿ ಸಣ್ಣಗೆ ಬಂತು. ಹುಡುಗಿ ಏನೋ ಉತ್ತರ ಕೊಟ್ಟಳು.

"ಏನಂತೆ?" ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಹೊರಟು ಬಾ ಅಂದ್ರಾ?"

ಹುಡುಗಿ ಫೋನಿಗೆ ಕೈ ಅಡ್ಡ ಹಿಡಿದಳು. "ನಾಳೆ ತರಗತಿ ಇದೆಯೇ ಎಂದು ಕೇಳಿದರು. ಇದೆ ಎಂದೆ. ಹಾಗಾದರೆ ತಪ್ಪಿಸಬೇಡ ಎಂದರು."

ಹೇಳಿ ಫೋನನ್ನು ದೊಡ್ಡಮ್ಮನ ಕಡೆ ಚಾಚಿದಳು. ಅವರಿಗೆ ತಮ್ಮೊಡನೆ ಮಾತಾಡಬೇಕಂತೆ ಎಂದಳು. ದೊಡ್ಡಮ್ಮ ಜಾಕೆಟ್ಟಿಗೆ ಕೈ ಒರೆಸಿಕೊಂಡು, ಫೋನನ್ನು ಕಿವಿಗೆ ಹಿಡಿದು, ತಲೆ ತಗ್ಗಿಸಿ ಕೇಳಿದಳು. ಎಲ್ಲೋ ದೂರದ ದೇಶದಲ್ಲಿ ಒಬ್ಬ ಗಂಡಸು ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ, ಹೇಳುತ್ತ ಹೇಳುತ್ತ ಅಳುತ್ತಿದ್ದ. ಅದು ನನಗೂ ಕೇಳಿಸಿತು.

"ಹೂಂ ಅಣ್ಣ" ಎಂದಳು ದೊಡ್ಡಮ್ಮ. "ಹೂಂ, ಗೊತ್ತಾಯ್ತು. ನಂಗೂ ಹಾಗೇ ಆಯ್ತು. ನಾನೂ ಅಲ್ಲಿಗೇ ಕರ್ಕೊಂಡ್ಹೋಗಿ ಬಿಟ್ಟು ಬರ್ತಿದ್ದೆ, ಚಹಾ ಬೇರೆ ಕುಡಿದು ಬರ್ತಿದ್ದೆ. ಅಳ್ಬೇಡಿ." ಅವಳೇ ಅಳುತ್ತಿದ್ದಳು.

ಹುಡುಗಿ ಅದನ್ನು ಅಪ್ಪನಿಗೆ ತಿಳಿಸಿ ಹೇಳಲು ಕೈ ಚಾಚಿದಳು. ದೊಡ್ಡಮ್ಮ ಬೇಡ ಬೇಡವೆಂದು ತಲೆಯಾಡಿಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.